ತಪ್ಪು ಯಾರದು, ದೋಷ ಎಲ್ಲಿದೆ?

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ಇರಲಿ, ಪಕ್ಕದ ಹುಮನಾಬಾದ್ ಇರಲಿ, ರೇಷನ್ನಿಗಾಗಿ ಸಾಲಿನಲ್ಲಿ ನಿಂತವರಿಗೆ ಈಚಿನ ವರ್ಷಗಳಲ್ಲಿ ಚೆನ್ನಾಗಿ ಪರಿಚಯವಾಗಿರುವ ಮಾತೊಂದಿದೆ: "ಸರ್ವರ್ ಇಲ್ರಿ ಆಯಿ, ನಾಳಿ ಬರ್ರಿ." ಹೊಲದ ಕೂಲಿ ಬಿಟ್ಟು ಬಂದ ಅಜ್ಜಿ ಚೀಲ ಮಡಚಿಕೊಂಡು ಮನೆಯ ದಾರಿ ಹಿಡಿಯುತ್ತಾಳೆ. ಪಹಣಿ ತೆಗೆಸಲು ಬಂದ ರೈತನಿಗೂ, ಜಾತಿ ಆದಾಯ ಪ್ರಮಾಣಪತ್ರಕ್ಕೆ ಬಂದ ಹುಡುಗನಿಗೂ, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಂದ ಹುಡುಗಿಗೂ ಸಿಗುವ ಉತ್ತರ ಇದೇ. ಒಂದು ಕಾಲಕ್ಕೆ "ಸಾಹೇಬರು ಇಲ್ಲ" ಎನ್ನುತ್ತಿದ್ದ ಜಾಗದಲ್ಲಿ ಈಗ ಸರ್ವರ್ ಬಂದು ಕುಳಿತಿದೆ. ಸಾಹೇಬರು ನಿಜವಾಗಿಯೂ ಇಲ್ಲವೇ ಎಂದು ಬಾಗಿಲ ಸಂದಿಯಿಂದ ಇಣುಕಿ ನೋಡಬಹುದಿತ್ತು. ಸರ್ವರ್ ವಿಷಯದಲ್ಲಿ ಆ ಸೌಲಭ್ಯವೂ ಇಲ್ಲ!

ರೇಷನ್ ಅಂಗಡಿಯ ಆ ಪುಟ್ಟ ಯಂತ್ರದ ಮುಂದೆ ಏನೇನು ಕೆಟ್ಟಿರಬಹುದು ನೋಡಿ. ಅರವತ್ತು ವರ್ಷ ಕಳೆ ಕಿತ್ತು, ಕಟ್ಟಿಗೆ ಒಡೆದ ಬೆರಳಿನ ರೇಖೆಗಳು ಸವೆದು ಯಂತ್ರಕ್ಕೆ ಗುರುತು ಸಿಗದೆ ಹೋಗಿರಬಹುದು. ಗುರುತು ಸಿಕ್ಕರೂ ಊರಿನ ಮೊಬೈಲ್ ಗೋಪುರದ ಸಂಕೇತ ಆ ಹೊತ್ತಿಗೆ ಇಲ್ಲದಿರಬಹುದು. ಸಂಕೇತವಿದ್ದರೂ ರಾಜ್ಯದ ಎಲ್ಲ ಅಂಗಡಿಗಳೂ ಒಟ್ಟಿಗೆ ಕೇಳಿದ್ದರಿಂದ ದೂರದ ಊರಿನಲ್ಲಿರುವ ದೊಡ್ಡ ಗಣಕಯಂತ್ರ ಉತ್ತರ ಕೊಡಲಾರದೆ ನಿಂತಿರಬಹುದು. ನಿಜವಾದ 'ಸರ್ವರ್' ಅದೊಂದೇ. ಅಥವಾ ಇಡೀ ಕೆಲಸ ನಡೆಸುವ ತಂತ್ರಾಂಶದಲ್ಲೇ ಎಲ್ಲೋ ಕೊರತೆ ಇರಬಹುದು. ಇಲ್ಲವೇ ಕಾರ್ಡು ಮಾಡಿಸಿದ ದಿನ ಯಾರೋ ಆಧಾರ್ ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ಒತ್ತಿರಬಹುದು. ಮೊದಲನೆಯದಾದರೆ ಬೆರಳು ಒರೆಸಿ ಇನ್ನೊಂದು ಬೆರಳು ಇಟ್ಟರೆ ಸಾಕಾದೀತು. ಎರಡನೆಯದು, ಮೂರನೆಯದಾದರೆ ನಾಳೆ ಬಂದರೆ ಸರಿಹೋದೀತು. ಕೊನೆಯದಾದರೆ ಮಾತ್ರ ಎಷ್ಟು ನಾಳೆ ಬಂದರೂ ಅಕ್ಕಿ ಸಿಗುವುದಿಲ್ಲ. ಐದು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರಿಟ್ಟರೆ ಮದ್ದು ಸಿಗುವುದು ಹೇಗೆ?

ಪತ್ರಿಕೆಗಳೂ ಈ ವಿಷಯದಲ್ಲಿ ಹೆಚ್ಚಿನ ಉಪಕಾರ ಮಾಡಿಲ್ಲ. ವಿಮಾನ ತಡವಾದರೂ 'ತಾಂತ್ರಿಕ ದೋಷ', ಪರೀಕ್ಷಾ ಫಲಿತಾಂಶ ತೆರೆದುಕೊಳ್ಳದಿದ್ದರೂ 'ತಾಂತ್ರಿಕ ದೋಷ', ರಾಕೆಟ್ ಕಡಲಿಗೆ ಬಿದ್ದರೂ 'ತಾಂತ್ರಿಕ ದೋಷ'. ಈ ಎರಡು ಪದಗಳು ಓದುಗನಿಗೆ ಏನೋ ತಿಳಿಸಿದಂತೆ ಭ್ರಮೆ ಹುಟ್ಟಿಸುತ್ತವೆಯೇ ಹೊರತು ಏನನ್ನೂ ತಿಳಿಸುವುದಿಲ್ಲ.

ಪದದ ಅರ್ಥವನ್ನು ಬಿಗಿಯಾಗಿ ಹಿಡಿಯಬೇಕೆಂಬ ಹಟ ಬಸವಕಲ್ಯಾಣದ ನೆಲಕ್ಕೆ ಹೊಸದೇನಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಅದರಲ್ಲಿ 'ಸಪಿಂಡ' ಎಂಬ ಪದ ಬಂದಾಗ, ಪಿಂಡವೆಂದರೆ ಶ್ರಾದ್ಧದ ಅನ್ನದುಂಡೆಯಲ್ಲ, ಶರೀರ ಎಂದು ಆತ ವಿವರಿಸಿದ. ಬಂಗಾಳದ ಜೀಮೂತವಾಹನ ತನ್ನ 'ದಾಯಭಾಗ'ದಲ್ಲಿ ಅನ್ನದುಂಡೆಯ ಅರ್ಥವನ್ನೇ ಹಿಡಿದ. ಒಂದು ಪದಕ್ಕೆ ಎರಡು ಅರ್ಥ ಬಂದದ್ದೇ, ಯಾರು ಯಾರ ಆಸ್ತಿಗೆ ವಾರಸುದಾರ ಎಂಬ ಲೆಕ್ಕವೂ ಎರಡಾಯಿತು. ಬಂಗಾಳದ ಕುಟುಂಬಗಳು ಒಂದು ಕಡೆ, ದೇಶದ ಉಳಿದ ಬಹುಭಾಗ ಇನ್ನೊಂದು ಕಡೆ ಎಂಬಂತೆ ನ್ಯಾಯಾಲಯಗಳು ಶತಮಾನಗಳ ನಂತರವೂ ತೀರ್ಪು ಕೊಡಬೇಕಾಯಿತು. ಪದಗಳ ಜಗಳವೆಂದು ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ನಾಲ್ಕು ಮೆಟ್ಟಿಲು

ಗಣಕ ವಿಜ್ಞಾನಿಗಳು ಈ ಗೊಂದಲವನ್ನು ಬಿಡಿಸಲು ಬಹಳ ಹಿಂದೆಯೇ ಹೊರಟರು. ಅವರು ಹೇಳುವುದರ ಸಾರವನ್ನು ಶಾಲೆಯ ಉದಾಹರಣೆಯಿಂದಲೇ ತಿಳಿಯಬಹುದು.

ಉತ್ತೀರ್ಣರಾಗಲು 35 ಅಂಕ ಬೇಕೆಂಬ ನಿಯಮವಿರುವ ಒಂದು ಪರೀಕ್ಷೆ ಎಂದುಕೊಳ್ಳಿ. ಫಲಿತಾಂಶ ಸಿದ್ಧಪಡಿಸುವ ತಂತ್ರಾಂಶ ಬರೆಯುವವನು '35 ಅಥವಾ ಅದಕ್ಕಿಂತ ಹೆಚ್ಚು' ಎಂದು ಬರೆಯಬೇಕಾದಲ್ಲಿ '35ಕ್ಕಿಂತ ಹೆಚ್ಚು' ಎಂದು ಬರೆದ. ಗಡಿಬಿಡಿ ಇರಬಹುದು, ನಿದ್ದೆಗಣ್ಣಿರಬಹುದು, ನಿಯಮವನ್ನೇ ಸರಿಯಾಗಿ ಓದದಿರಬಹುದು. ಇದು ಮನುಷ್ಯ ಮಾಡಿದ 'ಪ್ರಮಾದ'. ಪ್ರಮಾದ ಒಂದು ಗಳಿಗೆಯಲ್ಲಿ ನಡೆದು ಮುಗಿದುಹೋಗುತ್ತದೆ. ಆದರೆ ಅದು ತಂತ್ರಾಂಶದ ಆ ಒಂದು ಸಾಲಿನಲ್ಲಿ ಕುರುಹು ಬಿಟ್ಟು ಹೋಗುತ್ತದೆ. ಆ ಕುರುಹೇ 'ದೋಷ'. ಗೋಡೆಯೊಳಗಿನ ಬಿರುಕಿನಂತೆ ದೋಷ ಅಲ್ಲೇ ಕುಳಿತಿರುತ್ತದೆ, ಯಂತ್ರ ಆರಿಸಿದ್ದಾಗಲೂ ಇರುತ್ತದೆ.

ಈಗ ತಂತ್ರಾಂಶವನ್ನು ಓಡಿಸಿ. 80 ಅಂಕದ ಹುಡುಗಿ ಪಾಸು, 36ರವನು ಪಾಸು, 20ರವನು ನಪಾಸು. ಎಲ್ಲವೂ ಸರಿ! ದೋಷ ಇದ್ದೂ ಇಲ್ಲದಂತಿದೆ. ಸರಿಯಾಗಿ 35 ಅಂಕ ಪಡೆದ ಒಬ್ಬ ಬಡಪಾಯಿ ಬಂದಾಗ ಮಾತ್ರ ಯಂತ್ರದ ಸ್ಮೃತಿಕೋಶದೊಳಗೆ ಅವನ ಹೆಸರಿನ ಮುಂದೆ 'ಅನುತ್ತೀರ್ಣ' ಎಂಬ ಗುರುತು ಬೀಳುತ್ತದೆ. ಇದು ಮೂರನೆಯ ಮೆಟ್ಟಿಲು, ಓಡುತ್ತಿರುವ ಯಂತ್ರದೊಳಗಿನ 'ತಪ್ಪು ಸ್ಥಿತಿ'. ಇನ್ನೂ ಹೊರಗಿನವರಿಗೆ ಇದು ಗೊತ್ತಿಲ್ಲ. ಅಂಕಪಟ್ಟಿ ಮುದ್ರಣವಾಗಿ ಹುಡುಗನ ಕೈಗೆ ಬಂದಾಗ ನಾಲ್ಕನೆಯ ಮೆಟ್ಟಿಲು: ಮಾಡಬೇಕಾದ ಕೆಲಸವನ್ನು ವ್ಯವಸ್ಥೆ ಮಾಡಲಿಲ್ಲ. ಇದಕ್ಕೆ 'ವೈಫಲ್ಯ' ಎನ್ನಬೇಕು.

ಆ ತರಗತಿಯಲ್ಲಿ ಯಾರಿಗೂ ಸರಿಯಾಗಿ 35 ಬಾರದೆ ಹೋದರೆ? ದೋಷ ವರ್ಷಗಟ್ಟಲೆ ಮಲಗಿಯೇ ಇರುತ್ತದೆ. "ಹತ್ತು ವರ್ಷದಿಂದ ಈ ತಂತ್ರಾಂಶ ಓಡುತ್ತಿದೆ, ಒಂದು ದೋಷವೂ ಇಲ್ಲ" ಎಂದು ಯಾರಾದರೂ ಹೇಳಿದರೆ, ಅವರು ನಿಜವಾಗಿ ಹೇಳುತ್ತಿರುವುದು ಹತ್ತು ವರ್ಷದಲ್ಲಿ ವೈಫಲ್ಯ ಕಾಣಲಿಲ್ಲ ಎಂದಷ್ಟೇ. ಅದಕ್ಕೇ ಚೆನ್ನಾಗಿ ಪರೀಕ್ಷಿಸುವವರು 80 ಮತ್ತು 20 ಕೊಟ್ಟು ನೋಡಿ ಸುಮ್ಮನಾಗುವುದಿಲ್ಲ. 34, 35, 36 ಎಂದು ಅಂಚಿನಲ್ಲೇ ಕೆದಕುತ್ತಾರೆ.

ಜೀವವಿಜ್ಞಾನ ಇಷ್ಟಪಡುವ ವಿದ್ಯಾರ್ಥಿಗಳು ಇದನ್ನೇ ಕಣ್ಣಿನಲ್ಲಿ ಕಾಣಬಹುದು. ಸಮೀಪ ದೃಷ್ಟಿ ಇರುವ ಹುಡುಗನ ಕಣ್ಣುಗುಡ್ಡೆ ತುಸು ಉದ್ದ. ಅದು ದೋಷ. ದೂರದ ವಸ್ತುವಿನ ಬಿಂಬ ರೆಟಿನಾದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಅದು ತಪ್ಪು ಸ್ಥಿತಿ. ಕೊನೆಯ ಬೆಂಚಿನಿಂದ ಕರಿಹಲಗೆ ಓದಲಾಗುವುದಿಲ್ಲ. ಅದು ವೈಫಲ್ಯ. ಅವನನ್ನೇ ಮೊದಲ ಬೆಂಚಿಗೆ ತಂದು ಕೂರಿಸಿದರೆ ವೈಫಲ್ಯ ಮಾಯ, ದೋಷ ಹಾಗೇ ಇದೆ. ಕನ್ನಡಕ ಹಾಕಿದರೂ ಅಷ್ಟೇ. ಕಣ್ಣುಗುಡ್ಡೆ ಗಿಡ್ಡವಾಗುವುದಿಲ್ಲ, ಆದರೆ ತಪ್ಪು ಸ್ಥಿತಿ ಸರಿಯಾಗಿ ವೈಫಲ್ಯ ತಪ್ಪುತ್ತದೆ. ದೋಷವಿದ್ದರೂ ಕೆಲಸ ಕೆಡದಂತೆ ನೋಡಿಕೊಳ್ಳುವ ಈ ಉಪಾಯಕ್ಕೆ ಗಣಕ ಲೋಕದಲ್ಲಿ ದೋಷಸಹಿಷ್ಣುತೆ ಎನ್ನುತ್ತಾರೆ. ಒಂದು ವ್ಯತ್ಯಾಸ ಮಾತ್ರ ಇದೆ. ಕಣ್ಣಿನ ಹಿಂದೆ ಯಾರ ಪ್ರಮಾದವೂ ಇಲ್ಲ. ತಂತ್ರಾಂಶದ ಪ್ರತಿಯೊಂದು ಸಾಲನ್ನೂ ಯಾರೋ ಬರೆದಿರುತ್ತಾರೆ, ಇಲ್ಲವೇ ಬರೆಯಿಸಿರುತ್ತಾರೆ.

'ಬಗ್' ಎಂಬ ಪದ ಎಲ್ಲರ ಬಾಯಲ್ಲಿದೆಯಲ್ಲ ಎಂದು ಯಾರಾದರೂ ಕೇಳಬಹುದು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್-2 ಗಣಕಯಂತ್ರದ ರಿಲೇ ಒಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದರು, ಅಂದಿನಿಂದ ಈ ಹೆಸರು ಬಂತು ಎಂಬ ಕತೆ ಬಹಳ ಪ್ರಸಿದ್ಧ. ಪತಂಗ ನಿಜ, ಅಂಟಿಸಿದ್ದೂ ನಿಜ. ಹೆಸರಿನ ಕತೆ ಮಾತ್ರ ನಿಜವಲ್ಲ. ಥಾಮಸ್ ಎಡಿಸನ್ 1878ರಷ್ಟು ಹಿಂದೆಯೇ ತನ್ನ ಯಂತ್ರಗಳ ತೊಡಕುಗಳಿಗೆ ಈ ಪದ ಬಳಸಿದ್ದ. ನೆದರ್ಲೆಂಡ್ಸಿನ ಹೆಸರಾಂತ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾನಿಗೆ ಈ ಪದ ಕಂಡರೆ ಆಗುತ್ತಿರಲಿಲ್ಲ. ಹುಳು ಎಂದರೆ ಅದು ತಾನಾಗಿ ಹೊರಗಿನಿಂದ ಹರಿದು ಬಂದಂತಾಯಿತು, ಬರೆದವನ ಹೊಣೆ ಜಾರಿಹೋಯಿತು ಎಂಬುದು ಅವನ ತಕರಾರು. ಅವನ ಮಾತಿನಲ್ಲಿ ಹುರುಳಿದೆ. ಮನೆಯಲ್ಲಿ ಮಕ್ಕಳು "ಲೋಟ ಒಡೆದೆ" ಎನ್ನದೆ "ಲೋಟ ಒಡೀತು" ಎನ್ನುವುದಿಲ್ಲವೇ?

ಶ್ರೀಹರಿಕೋಟೆಯ ಪಾಠ

ಈ ನಾಲ್ಕು ಮೆಟ್ಟಿಲುಗಳು ಯಾವಾಗಲೂ ಒಂದೇ ಸಾಲಿನಲ್ಲಿ ಬರುತ್ತವೆ ಎಂದುಕೊಂಡರೆ ತಪ್ಪಾಗುತ್ತದೆ. ಇದನ್ನು ಭಾರತದ ಬಾಹ್ಯಾಕಾಶ ಸಂಸ್ಥೆ ತುಂಬ ಬೆಲೆ ತೆತ್ತು ಕಲಿಯಿತು.

1993ರ ಸೆಪ್ಟೆಂಬರ್ 20. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಆಗ ಇಸ್ರೋದ ಅಧ್ಯಕ್ಷರು. ಪಿ.ಎಸ್.ಎಲ್.ವಿ. ಎಂಬ ಹೊಸ ರಾಕೆಟ್ಟಿನ ಮೊದಲ ಹಾರಾಟ. ಅದರ ತುದಿಯಲ್ಲಿದ್ದದ್ದು 846 ಕಿಲೋಗ್ರಾಂ ತೂಕದ ಐ.ಆರ್.ಎಸ್.-1ಇ. ಈ ಸಾಲಿನ ಉಪಗ್ರಹಗಳು ಬೆಳೆ, ಅಂತರ್ಜಲ, ಕಾಡುಗಳ ಸ್ಥಿತಿಯನ್ನು ಆಕಾಶದಿಂದ ನೋಡಿ ಹೇಳಲೆಂದೇ ರೂಪುಗೊಂಡವು. ಈ ರಾಕೆಟ್ಟಿಗೆ ನಾಲ್ಕು ಹಂತ. ಘನ ಇಂಧನ, ದ್ರವ ಇಂಧನ, ಮತ್ತೆ ಘನ, ಮತ್ತೆ ದ್ರವ. ಮೊದಲ ಹಂತ ಚೆನ್ನಾಗಿ ಉರಿಯಿತು. ಎರಡನೆಯದೂ ಚೆನ್ನಾಗಿ ಉರಿಯಿತು. ಉರಿದು ಮುಗಿದ ಎರಡನೆಯ ಹಂತ ಕಳಚಿ ಹಿಂದೆ ಸರಿಯಬೇಕು. ಅದನ್ನು ಹಿಂದಕ್ಕೆ ಎಳೆಯಲು ಸಣ್ಣ ಹಿಮ್ಮುಖ ರಾಕೆಟ್‌ಗಳಿದ್ದವು. ಅವು ನಿರೀಕ್ಷೆಯಂತೆ ಕೆಲಸ ಮಾಡಲಿಲ್ಲ. ಕಳಚುವಿಕೆ ನಯವಾಗಿ ನಡೆಯದೆ ರಾಕೆಟ್ ಹೊಯ್ದಾಡಿತು.

ಹೊಯ್ದಾಡಿದ ರಾಕೆಟ್ಟನ್ನು ನೇರಗೊಳಿಸುವುದು ಅದರೊಳಗಿನ ಗಣಕದ ಕೆಲಸ. ಎಷ್ಟು ವಾಲಿದೆ ಎಂದು ಅಳೆದು, ಅದಕ್ಕೆ ತಕ್ಕಷ್ಟು ತಿದ್ದುವ ಆಜ್ಞೆ ಕೊಡಬೇಕು. ಸಾಮಾನ್ಯ ಹೊಯ್ದಾಟಕ್ಕೆ ಸಣ್ಣ ಸಂಖ್ಯೆ, ದೊಡ್ಡ ಹೊಯ್ದಾಟಕ್ಕೆ ದೊಡ್ಡ ಸಂಖ್ಯೆ. ಆ ದಿನ ಮೂತಿ ಮೇಲೆ ಕೆಳಗಾಗುವುದನ್ನು ನಿಯಂತ್ರಿಸುವ ಭಾಗದಲ್ಲಿ ಲೆಕ್ಕಕ್ಕೆ ಬಂದ ಸಂಖ್ಯೆ, ಅದಕ್ಕೆ ಮೀಸಲಿಟ್ಟ ಜಾಗವನ್ನು ಮೀರಿ ತುಳುಕಿತು.

ತುಳುಕುವುದೆಂದರೇನು? ಹಳೆಯ ಸ್ಕೂಟರಿನ ಕಿಲೋಮೀಟರ್ ಎಣಿಸುವ ಚಕ್ರಗಳನ್ನು ನೆನಪಿಸಿಕೊಳ್ಳಿ. ಐದು ಮನೆಗಳಿದ್ದರೆ 99999 ಆದ ಮೇಲೆ ಇನ್ನೊಂದು ಕಿಲೋಮೀಟರ್ ಓಡಿದರೆ 00000 ಬರುತ್ತದೆ. ಲಕ್ಷ ಕಿಲೋಮೀಟರ್ ಓಡಿದ ಗಾಡಿ ಹೊಚ್ಚ ಹೊಸದಾಗಿಬಿಟ್ಟಿತು! ಗಣಕದಲ್ಲೂ ಹಾಗೆಯೇ. ಹದಿನಾರು ದ್ವಿಮಾನ ಅಂಕಿಗಳ ಜಾಗದಲ್ಲಿ ಧನ, ಋಣ ಎರಡನ್ನೂ ಬರೆಯಬೇಕಾದರೆ ಅತಿ ದೊಡ್ಡ ಸಂಖ್ಯೆ 32767. ಅದಕ್ಕೆ ಒಂದು ಕೂಡಿಸಿದರೆ, ಕಾವಲಿಲ್ಲದ ಯಂತ್ರ 32768 ಎನ್ನುವುದಿಲ್ಲ, ಋಣ 32768 ಎನ್ನುತ್ತದೆ. ಬಲಕ್ಕೆ ಪೂರ್ತಿ ತಿರುಗು ಎನ್ನಬೇಕಾದಲ್ಲಿ ಎಡಕ್ಕೆ ಪೂರ್ತಿ ತಿರುಗು ಎಂದಂತೆ. ಮಿತಿ ಮುಟ್ಟಿದಾಗ ಅಲ್ಲೇ ತಡೆದು ನಿಲ್ಲಿಸುವ ಕಾವಲನ್ನು ತಂತ್ರಾಂಶ ಬರೆಯುವವರು ಇಡಬೇಕು.

ಪಿ.ಎಸ್.ಎಲ್.ವಿ. ಹತೋಟಿಗೆ ಬರಲಿಲ್ಲ. ಕಕ್ಷೆ ಸೇರಬೇಕಾದ ಉಪಗ್ರಹ ಕಡಲಿನ ಪಾಲಾಯಿತು.

ಮರುದಿನ ಒಂದೇ ಪದದಲ್ಲಿ ಕಾರಣ ಹೇಳಬೇಕಾಗಿದ್ದರೆ ಏನೆನ್ನಬೇಕಿತ್ತು? ಹಿಮ್ಮುಖ ರಾಕೆಟ್ ಕೈಕೊಟ್ಟದ್ದು ಯಂತ್ರಭಾಗದ ವೈಫಲ್ಯ. ಅದೊಂದೇ ಆಗಿದ್ದರೆ, ಸರಿಯಾದ ತಂತ್ರಾಂಶ ರಾಕೆಟ್ಟನ್ನು ಮತ್ತೆ ದಾರಿಗೆ ತರುವ ಅವಕಾಶವಿತ್ತು. ತಂತ್ರಾಂಶದಲ್ಲಿದ್ದದ್ದು ದೋಷ. ಅದೊಂದೇ ಆಗಿದ್ದರೆ, ಹೊಯ್ದಾಟ ಸಣ್ಣದಾಗಿದ್ದ ದಿನ ಅದು ಎಚ್ಚರಗೊಳ್ಳುತ್ತಲೇ ಇರಲಿಲ್ಲ. ರಾಕೆಟ್ ಕಕ್ಷೆ ಮುಟ್ಟುತ್ತಿತ್ತು, ದೇಶ ಚಪ್ಪಾಳೆ ತಟ್ಟುತ್ತಿತ್ತು, ಮುಂದಿನ ಯಾವುದೋ ಉಡಾವಣೆಯ ಹೊಟ್ಟೆಯಲ್ಲಿ ಆ ದೋಷ ಮಲಗಿರುತ್ತಿತ್ತು. ಒಂದು ಭಾಗದ ವೈಫಲ್ಯ ಇನ್ನೊಂದು ಭಾಗದ ನಿದ್ರಿತ ದೋಷವನ್ನು ತಟ್ಟಿ ಎಬ್ಬಿಸಿತು. 'ತಾಂತ್ರಿಕ ದೋಷ' ಎಂದುಬಿಟ್ಟಿದ್ದರೆ ಎರಡರಲ್ಲಿ ಒಂದನ್ನು ಸರಿಪಡಿಸಿ ಇನ್ನೊಂದನ್ನು ಮರೆಯುವ ಅಪಾಯವಿತ್ತು. ತನಿಖೆ ನಡೆಸಿದವರು ಎರಡನ್ನೂ ಬೇರೆ ಬೇರೆ ಹಿಡಿದು ಹೆಸರಿಸಿದರು. 1994ರ ಅಕ್ಟೋಬರ್ 15ರಂದು ಪಿ.ಎಸ್.ಎಲ್.ವಿ.ಯ ಎರಡನೆಯ ಹಾರಾಟ ಐ.ಆರ್.ಎಸ್.-ಪಿ2 ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಮುಂದೆ 2008ರಲ್ಲಿ ಚಂದ್ರಯಾನ-1, 2013ರಲ್ಲಿ ಮಂಗಳಯಾನ ಹೊರಟದ್ದು ಇದೇ ರಾಕೆಟ್ಟಿನ ಬೆನ್ನೇರಿ.

ಯುರೋಪಿನವರಿಗೂ ಇದೇ ತುಳುಕುವಿಕೆ ಕಾಡಿತು. 1996ರ ಜೂನ್ 4ರಂದು ಅವರ ಏರಿಯಾನ್-5 ರಾಕೆಟ್ಟಿನ ಮೊದಲ ಹಾರಾಟ ನಲವತ್ತು ಸೆಕೆಂಡುಗಳಲ್ಲಿ ಬೆಂಕಿಯ ಉಂಡೆಯಾಯಿತು. ದೊಡ್ಡ ಸಂಖ್ಯೆಯೊಂದನ್ನು ಹದಿನಾರು ಅಂಕಿಯ ಜಾಗಕ್ಕೆ ತುರುಕಲು ಹೋದದ್ದು ಕಾರಣ. ಸ್ವಾರಸ್ಯವೆಂದರೆ ಆ ತಂತ್ರಾಂಶ ಹಿಂದಿನ ಏರಿಯಾನ್-4ರಲ್ಲಿ ಏನೂ ತೊಂದರೆ ಕೊಟ್ಟಿರಲಿಲ್ಲ. ಆ ರಾಕೆಟ್ಟಿನ ವೇಗಕ್ಕೆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಹಾಗಾದರೆ ದೋಷ ಸಾಲಿನಲ್ಲಿತ್ತೇ, ಅಥವಾ ಹಳೆಯ ಅಂಗಿಯನ್ನು ಬೆಳೆದ ಮಗನಿಗೆ ತೊಡಿಸಿದ ನಿರ್ಧಾರದಲ್ಲಿತ್ತೇ? ಗಣಿತಜ್ಞ ಝಾಕ್ ಲೂಯಿ ಲಿಯೋನ್ ನೇತೃತ್ವದ ತನಿಖಾ ಮಂಡಳಿ ತನ್ನ ವರದಿಯಲ್ಲಿ ಎರಡನ್ನೂ ಎತ್ತಿ ತೋರಿಸಿತು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಗಣಕಗಳನ್ನು ಇಟ್ಟಿದ್ದರು. ಎರಡರಲ್ಲೂ ಇದ್ದದ್ದು ಅದೇ ತಂತ್ರಾಂಶ. ಎರಡೂ ಒಂದರ ಹಿಂದೊಂದು ಮಲಗಿದವು.

'ಬಹಳ ಹೊತ್ತು' ಎಂದರೆ ಎಷ್ಟು?

ಪದಗಳ ಅಸ್ಪಷ್ಟತೆಯೇ ಜೀವ ತೆಗೆದ ಪ್ರಸಂಗವೊಂದಿದೆ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ಹೊಡೆದುರುಳಿಸಲು ಅಮೆರಿಕ ಪೇಟ್ರಿಯಟ್ ಕ್ಷಿಪಣಿಗಳನ್ನು ನಿಲ್ಲಿಸಿತ್ತು. ಅದರ ಗಣಕ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ಎಂಬುದು ನಮಗೆ 0.1. ದ್ವಿಮಾನ ಪದ್ಧತಿಯಲ್ಲಿ ಅದು ಒಂದನ್ನು ಮೂರರಿಂದ ಭಾಗಿಸಿದಂತೆ ಮುಗಿಯದ ಸಂಖ್ಯೆ. 24 ಅಂಕಿಗಳಿಗೆ ಕತ್ತರಿಸಿದಾಗ ಪ್ರತಿ ಎಣಿಕೆಯಲ್ಲಿ ಸುಮಾರು 0.000000095 ಸೆಕೆಂಡ್ ಸೋರಿಹೋಗುತ್ತಿತ್ತು. ಅದೇನು ಮಹಾ ಎನ್ನಬಹುದು. ಯಂತ್ರವನ್ನು ಆರಿಸದೆ 100 ಗಂಟೆ ಓಡಿಸಿದರೆ ಎಣಿಕೆಗಳು 36 ಲಕ್ಷ, ಸೋರಿದ್ದು 0.34 ಸೆಕೆಂಡ್. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿದು ಗುಣಿಸಿ ನೋಡಬಹುದು.

ಎಂಟು ಗಂಟೆ ಓಡಿಸಿದರೇ ಗುರಿ ಜಾರುವುದನ್ನು ಇಸ್ರೇಲಿನವರು ಗಮನಿಸಿ ಫೆಬ್ರವರಿ 11ರಂದೇ ತಿಳಿಸಿದ್ದರು. ಫೆಬ್ರವರಿ 21ರಂದು ಪೇಟ್ರಿಯಟ್ ಬಳಸುವ ಎಲ್ಲರಿಗೂ ಎಚ್ಚರಿಕೆಯ ಸಂದೇಶ ಹೋಯಿತು. ಯಂತ್ರವನ್ನು 'ಬಹಳ ಹೊತ್ತು' ಓಡಿಸಿದರೆ ಗುರಿ ತಪ್ಪಬಹುದು ಎಂದು ಅದರಲ್ಲಿತ್ತು. ಬಹಳ ಹೊತ್ತು ಎಂದರೆ ಎಷ್ಟು ಎಂದು ಇರಲಿಲ್ಲ. ಎಂಟು ಗಂಟೆಯೋ, ಎಂಟು ದಿನವೋ? ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿದ್ದ ತಂಡ ಯಂತ್ರವನ್ನು 100 ಗಂಟೆ ಬಿಡದೆ ಓಡಿಸಿತ್ತು. ಫೆಬ್ರವರಿ 25ರ ರಾತ್ರಿ ಬಂದ ಸ್ಕಡ್ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಬಿತ್ತು, 28 ಮಂದಿ ಸತ್ತರು. ತಿದ್ದಿದ ತಂತ್ರಾಂಶ ಧಹ್ರಾನ್ ತಲುಪಿದ್ದು ಮರುದಿನ.

ಆ ನಾಲ್ಕು ದಿನಗಳಲ್ಲಿ ದೋಷ ಗೊತ್ತಿತ್ತು, ತಾತ್ಕಾಲಿಕ ಉಪಾಯವೂ ಇತ್ತು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ್ದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. ಸಂದೇಶದಲ್ಲಿ ಇಲ್ಲದೆ ಹೋದದ್ದು ಒಂದು ಸಂಖ್ಯೆ.

ಪಂಡಿತರ ನಡುವೆಯೂ ಒಮ್ಮತವಿಲ್ಲ

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಇಂಗ್ಲಿಷಿನಲ್ಲೂ ಈ ಪದಗಳು ಪೂರ್ತಿ ನೆಟ್ಟಗಿಲ್ಲ. 'ಎರರ್' ಎಂಬ ಪದವನ್ನು ಕೆಲವು ಮಾನಕಗಳು ಮನುಷ್ಯನ ಪ್ರಮಾದಕ್ಕೆ ಬಳಸುತ್ತವೆ. ಫ್ರಾನ್ಸಿನ ಝಾನ್ ಕ್ಲೋಡ್ ಲಪ್ರಿ ಮತ್ತು ಅವನ ಸಹಚರರು 2004ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಅದೇ ಪದ ಯಂತ್ರದೊಳಗಿನ ತಪ್ಪು ಸ್ಥಿತಿಗೆ ನಿಂತಿದೆ. ಮುಂದೆ ಗಣಕ ವಿಜ್ಞಾನ ಓದುವ ಮಕ್ಕಳು ಒಂದು ಪುಸ್ತಕದಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಓದಿ ಗಾಬರಿಪಡಬೇಕಾಗಿಲ್ಲ. ಪುಸ್ತಕದ ಮೊದಲ ಅಧ್ಯಾಯದಲ್ಲಿ ಯಾವ ಅರ್ಥ ಕೊಟ್ಟಿದ್ದಾರೆ ಎಂದು ನೋಡಿಕೊಂಡರೆ ಸಾಕು.

ಕನ್ನಡಕ್ಕೂ ತನ್ನದೇ ತೊಡಕುಗಳಿವೆ. ಶಾಲೆಯ ಭೌತವಿಜ್ಞಾನದಲ್ಲಿ ವರ್ನಿಯರ್ ಕ್ಯಾಲಿಪರ್ಸಿನ 'ಶೂನ್ಯ ದೋಷ' ಎಂಬಲ್ಲಿ ದೋಷವೆಂದರೆ ಅಳತೆಯ ವ್ಯತ್ಯಾಸ. ಊರಿನಲ್ಲಿ ಗ್ರಹದೋಷ, ನಾಗದೋಷಗಳಿಗೆ ಶಾಂತಿ ಮಾಡಿಸುವವರಿದ್ದಾರೆ. ಆದರೂ 'ದೋಷ' ಒಳ್ಳೆಯ ಪದವೇ. ವಸ್ತುವಿನಲ್ಲಿ ನೆಲೆಸಿರುವ ಕೊರತೆ ಎಂಬ ಭಾವ ಅದರಲ್ಲಿದೆ. ಕೆಡುವುದು ಹೊರಗೆ ಕಂಡಾಗ ಮಾತ್ರ 'ವೈಫಲ್ಯ' ಎಂದು, ಮಾಡಿದವನ ಬಗ್ಗೆ ಹೇಳುವಾಗ 'ಪ್ರಮಾದ' ಎಂದು ಬಳಸುವ ಅಭ್ಯಾಸ ಬಂದರೆ ಅರ್ಧ ಗೊಂದಲ ಕಳೆಯುತ್ತದೆ. 'ಸರ್ವರ್' ಪದವನ್ನೂ ಓಡಿಸಬೇಕಾಗಿಲ್ಲ. ಸರ್ವರ್ ಕೆಟ್ಟಾಗ ಹಾಗೆನ್ನಲಿ.

2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಸರ್ವರ್ ಡೌನ್ ಎಂದರು ಕೆಲವರು, ಶತ್ರುಗಳ ದಾಳಿ ಎಂದರು ಇನ್ನು ಕೆಲವರು. ಎರಡೂ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶಕ್ಕೆ ಕಳುಹಿಸಿದ ಹೊಸ ಕಡತ 21 ಮಾಹಿತಿಗಳನ್ನು ಬಯಸುತ್ತಿತ್ತು, ತಂತ್ರಾಂಶ ಕೊಡುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಯಂತ್ರ ಮುಗ್ಗರಿಸಿತು.

ಹೆಸರಿನ ಒಂದಕ್ಷರ

ವಿದ್ಯಾರ್ಥಿಗಳಿಗೂ ಪೋಷಕರಿಗೂ ಹತ್ತಿರದ ವಿಷಯವೆಂದರೆ ಹೆಸರು. ಬಸವರಾಜ ಎಂಬ ಹುಡುಗನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಶಾಲೆಯ ದಾಖಲೆಯಲ್ಲಿ 'ವಿ' ಅಕ್ಷರ, ಆಧಾರ್ ಕಾರ್ಡಿನಲ್ಲಿ 'ಡಬ್ಲ್ಯು' ಅಕ್ಷರ ಬಿದ್ದಿರುವುದು ಬೀದರ ಸೀಮೆಯಲ್ಲಿ ಅಪರೂಪವಲ್ಲ. ಹೈದರಾಬಾದ್ ಸಂಸ್ಥಾನದ ಕಾಲದ ಉರ್ದು ದಫ್ತರದಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟುತ್ತ ಬಂದ ಮನೆತನದ ಹೆಸರುಗಳ ಪಾಡು ಇನ್ನೂ ವಿಚಿತ್ರ. ಎರಡೂ ಕಡೆಯ ಹೆಸರು ಹೊಂದಲಿಲ್ಲವೆಂದು ವಿದ್ಯಾರ್ಥಿವೇತನದ ಅರ್ಜಿ ತಿರಸ್ಕಾರವಾದಾಗ ಕೇಳಿಬರುವ ಉತ್ತರ ಮತ್ತೆ ಅದೇ: ಸರ್ವರ್ ತಗೊಳ್ಳುತ್ತಿಲ್ಲ.

ಇಲ್ಲಿ ಸರ್ವರ್ ಚೆನ್ನಾಗಿದೆ. ತಂತ್ರಾಂಶವೂ ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿದೆ. ಅಕ್ಷರಕ್ಕೆ ಅಕ್ಷರ ಹೋಲಿಸು ಎಂದರು, ಹೋಲಿಸಿತು. ದಾಖಲೆ ಬರೆದವರದು ಪ್ರಮಾದ ಎನ್ನೋಣವೆಂದರೆ, ಕನ್ನಡದ 'ವ'ಕ್ಕೆ ಇಂಗ್ಲಿಷಿನ ಯಾವ ಅಕ್ಷರ ಎಂಬ ಕಟ್ಟಳೆ ಯಾರಿಗೂ ಇರಲಿಲ್ಲ. ದೋಷ ಇರುವುದು ಅದಕ್ಕೂ ಮೊದಲಿನ ಹಂತದಲ್ಲಿ. ಕನ್ನಡದ ಹೆಸರು ಇಂಗ್ಲಿಷಿನಲ್ಲಿ ಒಂದೇ ರೀತಿ ಬರುತ್ತದೆ ಎಂದು ಮೊದಲೇ ಎಣಿಸಿ ಹೋಲಿಕೆಯ ನಿಯಮ ಬರೆದಲ್ಲಿ. ತಂತ್ರಾಂಶ ತಜ್ಞರು ಇದನ್ನು ವಿವರಣೆಯ ದೋಷ ಎನ್ನುತ್ತಾರೆ. ಕರ್ನಾಟಕದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ತಂದದ್ದು ದೇಶಕ್ಕೇ ಮಾದರಿಯೆನಿಸಿತು. ಆದರೆ ಕೈಬರಹದ ಪಹಣಿಯಲ್ಲಿದ್ದ ತಪ್ಪು ಗಣಕಕ್ಕೆ ಬಂದಾಗ ಅಚ್ಚಾದ ತಪ್ಪಾಗುತ್ತದೆ. ಅಚ್ಚಾದದ್ದನ್ನು ಜನ ಹೆಚ್ಚು ನಂಬುತ್ತಾರೆ ಎಂಬುದೊಂದೇ ವ್ಯತ್ಯಾಸ.

ಯಾರದೂ ಪ್ರಮಾದವಿಲ್ಲದೆ ದೋಷ ಹುಟ್ಟುವುದೂ ಉಂಟು. 1960ರ ದಶಕದಲ್ಲಿ ಸ್ಮೃತಿಕೋಶ ಚಿನ್ನದಷ್ಟು ದುಬಾರಿಯಾಗಿದ್ದಾಗ 1965 ಎಂಬುದನ್ನು 65 ಎಂದು ಬರೆದವರು ಬೇಕೆಂದೇ, ತಿಳಿದೇ ಬರೆದರು. ಅಂದಿಗೆ ಅದು ಜಾಣತನ. 2000ನೇ ಇಸವಿ ಹತ್ತಿರ ಬಂದಾಗ ಅದೇ ಜಗತ್ತಿನ ತಲೆನೋವಾಯಿತು. ಅದನ್ನು ತಿದ್ದುವ ಕೆಲಸದಿಂದ ಬೆಂಗಳೂರಿನ ಕಂಪನಿಗಳು ಬೆಳೆದದ್ದು ಬೇರೆ ಮಾತು.

ಕಿಟಕಿಯ ಮುಂದೆ ನಿಂತವರು ಏನು ಮಾಡಬಹುದು? ಪರದೆಯ ಮೇಲೆ ಬಂದ ಸಂದೇಶವನ್ನು, ಅದರಲ್ಲಿರುವ ಸಂಖ್ಯೆ ಸಮೇತ, ಹಾಗೆಯೇ ಬರೆದುಕೊಳ್ಳಬೇಕು, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಯಾವ ದಿನ, ಎಷ್ಟು ಗಂಟೆಗೆ, ಯಾವ ಗುಂಡಿ ಒತ್ತಿದಾಗ, ಏನು ಬರಬೇಕಿತ್ತು, ಏನು ಬಂತು ಎಂಬುದು ಜೊತೆಗಿರಲಿ. ಪಕ್ಕದವರಿಗೆ ಅದೇ ಹೊತ್ತಿನಲ್ಲಿ ಕೆಲಸವಾಯಿತೇ ಎಂದು ಕೇಳುವುದು ಎಲ್ಲಕ್ಕಿಂತ ಉಪಯುಕ್ತ. ಪಕ್ಕದವರಿಗೆ ಆಗಿ ತಮಗೊಬ್ಬರಿಗೆ ಆಗದಿದ್ದರೆ ನಾಳೆ ಬರುವುದರಲ್ಲಿ ಹೆಚ್ಚಿನ ಅರ್ಥವಿಲ್ಲ, ದಾಖಲೆ ತಿದ್ದಿಸುವ ಅರ್ಜಿಯನ್ನೇ ಕೊಡುವುದು ಲೇಸು. ಇದನ್ನು ಅಜ್ಜಿಯರಿಂದ ನಿರೀಕ್ಷಿಸಲಾಗದು. ಎಂಟನೇ, ಒಂಬತ್ತನೇ ತರಗತಿಯ ಮೊಮ್ಮಕ್ಕಳು ಜೊತೆಗೆ ಹೋದರೆ ಖಂಡಿತ ಸಾಧ್ಯ.

ವೈಫಲ್ಯವನ್ನು ಹೀಗೆ ಬಿಡಿಸಿ ಹೇಳಿದ ಈಚಿನ ಉದಾಹರಣೆ ಚಂದ್ರಯಾನ-2ರದು. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರನ ಮೇಲೆ ಇಳಿಯುತ್ತಿದ್ದ ವಿಕ್ರಮ್ ಲ್ಯಾಂಡರ್‌ನ ಸಂಪರ್ಕ ಕಡಿದುಹೋದದ್ದನ್ನು ಬೆಂಗಳೂರಿನ ನಿಯಂತ್ರಣ ಕೊಠಡಿಯಿಂದ ನೇರಪ್ರಸಾರದಲ್ಲಿ ದೇಶವೇ ನೋಡಿತು. ಆಗಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ 2023ರಲ್ಲಿ ಕಾರಣಗಳನ್ನು ಒಂದೊಂದಾಗಿ ಬಿಡಿಸಿದರು. ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು, ಆ ವ್ಯತ್ಯಾಸ ಸ್ವಲ್ಪ ಹೊತ್ತು ಕೂಡುತ್ತ ಹೋಯಿತು. ಅದನ್ನು ತಿದ್ದಲು ನೌಕೆ ಬೇಗ ತಿರುಗಬೇಕಾಯಿತು, ಆದರೆ ಅಷ್ಟು ಬೇಗ ತಿರುಗುವ ಪ್ರಸಂಗ ಬಂದೀತೆಂದು ಎಣಿಸದೆ ತಂತ್ರಾಂಶದಲ್ಲಿ ತಿರುಗುವ ವೇಗಕ್ಕೆ ಮಿತಿ ಹಾಕಲಾಗಿತ್ತು. ಇಳಿಯಲು ಗೊತ್ತುಮಾಡಿದ ಜಾಗವೂ 500 ಮೀಟರ್ ಉದ್ದ, 500 ಮೀಟರ್ ಅಗಲದ ಚಿಕ್ಕ ಚೌಕ. ನೆಲ ಹತ್ತಿರವಾದ ಮೇಲೂ ನೌಕೆ ಅಲ್ಲಿಗೇ ತಲುಪಲು ಹೆಣಗಿತು. ಮೂರಕ್ಕೂ ಬೇರೆ ಬೇರೆ ಮದ್ದಾಯಿತು. ಚಂದ್ರಯಾನ-3ರಲ್ಲಿ ಎಂಜಿನ್‌ಗಳು ನಾಲ್ಕಾದವು, ತಂತ್ರಾಂಶದ ಮಿತಿ ಸಡಿಲವಾಯಿತು, ಇಳಿಯುವ ಜಾಗ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ಅದು ಇಳಿದದ್ದು 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ.